ಉಸಿರಿಗೆ ಜಾಗವಿಲ್ಲದ ನಲವತ್ತು ಎಣಿಕೆ

ನಮ್ಮ ರೇಡಿಯೋ ನಿಲಯದ ವಾದ್ಯವೃಂದದಲ್ಲಿ ಹದಿನಾಲ್ಕು ಜನ. ಪಿಟೀಲಿನ ಸಾಲಿನಲ್ಲಿ ನನ್ನದು ಕೊನೆಯ ಕುರ್ಚಿ. ಕೊನೆಯ ಕುರ್ಚಿಯವನು ತಪ್ಪು ನುಡಿಸಿದರೆ ಯಾರಿಗೂ ಕೇಳಿಸುವುದಿಲ್ಲ, ಸರಿಯಾಗಿ ನುಡಿಸಿದರೂ ಕೇಳಿಸುವುದಿಲ್ಲ. ಹೀಗಾಗಿ ಉಳಿದವರನ್ನು ನೋಡುತ್ತಾ ಗೊಣಗಲು ನನಗೆ ಬೇಕಾದಷ್ಟು ಪುರುಸೊತ್ತು. ಬರವಣಿಗೆ ಅಕ್ಕನನ್ನು ನಾನು ಹತ್ತೊಂಬತ್ತು ವರ್ಷ ನೋಡಿದ್ದು ಹಾಗೆಯೇ.

ಅಕ್ಕನ ಕೆಲಸ ನಕಲು ಮಾಡುವುದು. ಸಂಗೀತ ಕಟ್ಟುವವರು ನಮ್ಮ ಮೇಷ್ಟ್ರು. ಎಲ್ಲ ವಾದ್ಯಗಳ ಸ್ವರವನ್ನೂ ಒಂದರ ಕೆಳಗೊಂದರಂತೆ ಒಂದೇ ದೊಡ್ಡ ಹಾಳೆಯಲ್ಲಿ, ಕೋಳಿ ಕೆದಕಿದ ಹಾಗೆ ಗೀಚಿ ಕೊಡುತ್ತಿದ್ದರು. ಅದರಿಂದ ಕೊಳಲಿನದನ್ನು ಕೊಳಲಿನವರಿಗೆ, ಪಿಟೀಲಿನದನ್ನು ನಮಗೆ ಅಂತ ಬಿಡಿಸಿ ಅಕ್ಕ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದಳು. ಹಾಳೆ ತಿರುಗಿಸಬೇಕಾದ ಕಡೆ ನಮ್ಮ ಕೈ ಬಿಡುವಾಗಿರುವಂತೆ ನೋಡಿಕೊಳ್ಳುತ್ತಿದ್ದಳು. ಅದಕ್ಕೆ ನಾವು ಯಾರೂ ಒಂದು ದಿನವೂ ಥ್ಯಾಂಕ್ಸ್ ಹೇಳಿದವರಲ್ಲ.

ಕಟ್ಟುವ ವಿದ್ಯೆಯನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಈ ಎರಡು ಸಾಲು ಪಿಟೀಲು ಯಾಕೆ ಸುಮ್ಮನಿದೆ ಎಂದು ಮೇಷ್ಟ್ರನ್ನು ಒಮ್ಮೆ ಕೇಳಿದ್ದಳಂತೆ. ಬರೆಯೋ ಕೆಲಸ ನೋಡು ಎಂದುಬಿಟ್ಟರಂತೆ. ಅವತ್ತಿನಿಂದ ಕೇಳುವುದನ್ನು ಬಿಟ್ಟು, ಅಭ್ಯಾಸದ ಹೊತ್ತಿನಲ್ಲಿ ಬಾಗಿಲ ಪಕ್ಕ ನಿಂತು ಉತ್ತರವನ್ನು ಕಿವಿಯಿಂದಲೇ ಹುಡುಕುತ್ತಿದ್ದಳು. ಮನೆ ಎಂದರೆ ಬಸ್ ಡಿಪೋ ಹಿಂದಿನ ಎರಡು ಕೋಣೆ. ಗಂಡ ಅದೇ ಡಿಪೋದಲ್ಲಿ ಮೆಕ್ಯಾನಿಕ್ಕು. ಮಗಳು ಬಿಟ್ಟುಹೋದ ಒಂದು ಕೀಬೋರ್ಡು, ಅದರ ಒತ್ತುವ ಮನೆಗಳಲ್ಲಿ ಎರಡು ಸತ್ತಿದ್ದವು. ಸಂಜೆ ಅದರ ಮುಂದೆ ಕೂತು ಹೊಸದೇನಾದರೂ ನುಡಿಸಿದರೆ, ಕಾಳು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆ, ಮೊನ್ನೆದೇ ಚೆನ್ನಾಗಿತ್ತು ಅನ್ನುತ್ತಿದ್ದರಂತೆ. ಮೊನ್ನೆ ಕೇಳಿದ್ದರೂ ಅದನ್ನೇ ಅನ್ನುತ್ತಿದ್ದರು.

ಈ ವರ್ಷ ಮೇಷ್ಟ್ರ ಬಲಗೈ ನಡುಗಲು ಶುರುವಾಯಿತು. ಇನ್ನು ಹೊಸ ಸಂಗೀತ ಯಾಕೆ, ಸಿದ್ಧ ಧ್ವನಿಮುದ್ರಿಕೆ ತಂದು ಹಾಕಿದರಾಯಿತು ಎಂದರು ನಿಲಯದ ಸಾಹೇಬರು. ಬಾಗಿಲ ಪಕ್ಕ ನಿಂತಿದ್ದ ಅಕ್ಕನನ್ನು ತೋರಿಸಿ, ಇವಳೊಂದು ಬರೆಯಲಿ, ಕೇಳಿ ನೋಡಿ, ಆಮೇಲೆ ತೀರ್ಮಾನಿಸಿ ಎಂದರು ಮೇಷ್ಟ್ರು. ಹತ್ತು ಗಂಟೆಯ ನೇರ ಪ್ರಸಾರಕ್ಕೆ ಒಂದೇ ಒಂದು ಕೃತಿ. ಗೆದ್ದರೆ ಮುಂದಿನ ಬರವಣಿಗೆಯೆಲ್ಲ ಅಕ್ಕನದು. ಸೋತರೆ ಬರವಣಿಗೆಯೂ ಇಲ್ಲ, ನಕಲೂ ಇಲ್ಲ, ಯಾಕೆಂದರೆ ನಕಲು ಮಾಡಲು ಏನೂ ಇರುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ನಕಲು ಮಾಡುವವಳು ಬರೆದದ್ದನ್ನು ನಾವು ನುಡಿಸಬೇಕೇ ಎಂದು ಕ್ಯಾಂಟೀನಿನಲ್ಲಿ ನಾಲ್ಕು ಜನರ ಮುಂದೆ ಆಡಿಕೊಂಡೆ.

ರೇಡಿಯೋ ನಾಟಕದವರು ಸ್ಟುಡಿಯೋ ಬಿಟ್ಟುಕೊಟ್ಟದ್ದೇ ಪ್ರಸಾರದ ದಿನ ಬೆಳಿಗ್ಗೆ. ಎಂಟೂವರೆಗೆ ಅಭ್ಯಾಸ ಶುರು. ಅಕ್ಕನೇ ಮುಂದೆ ನಿಂತು ಕೈ ಆಡಿಸುತ್ತಿದ್ದಳು. ಮೊದಲ ಭಾಗ ಸಲೀಸಾಗಿ ಹೋಯಿತು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ನಮ್ಮ ವೃಂದ ಅಷ್ಟು ಒಟ್ಟಾಗಿ ನುಡಿಸಿದ್ದು ನನಗೇ ಆಶ್ಚರ್ಯ. ಆಮೇಲೆ ಕೊಳಲಿನ ರಾಗ ಬಂತು, ನಿಧಾನದ್ದು, ಎಣಿಕೆಗೆ ಒಂದೊಂದು ಸೆಕೆಂಡು. ಅದನ್ನು ನುಡಿಸಬೇಕಾದವರು ನಾವೆಲ್ಲ ಮಾವ ಎಂದು ಕರೆಯುವ ಹಿರಿಯರು. ಇಪ್ಪತ್ತು ಎಣಿಕೆ ದಾಟುವಷ್ಟರಲ್ಲಿ ಅವರ ಮುಖ ಕೆಂಪಾಯಿತು. ಇಪ್ಪತ್ತೆರಡಕ್ಕೆ ಸ್ವರ ಬಿದ್ದುಹೋಯಿತು.

ಕೊಳಲನ್ನು ತೊಡೆಯ ಮೇಲಿಟ್ಟು ಅವರು ಕೇಳಿದರು, "ಮಗಳೇ, ನಾನು ಉಸಿರು ತಗೊಳ್ಳೋದು ಎಲ್ಲಿ?"

ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಜಾತಿಯವರು ಮಾವ. ಆದರೆ ಅವತ್ತು ತಪ್ಪು ಅವರದಾಗಿರಲಿಲ್ಲ. ಅಕ್ಕ ಹಾಳೆ ನೋಡಿದಳು. ನಲವತ್ತು ಎಣಿಕೆ, ನಡುವೆ ಒಂದು ಬಿಡುವೂ ಇಲ್ಲ. ಕೀಬೋರ್ಡಿನ ಮನೆಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಅದು ಕೂಗುತ್ತದೆ, ಅದಕ್ಕೇನು ಎದೆಯೇ, ಗಂಟಲೇ? ಮೇಷ್ಟ್ರು ಉಸಿರಿಗೆಂದು ಹಾಕುತ್ತಿದ್ದ ಪುಟ್ಟ ಗುರುತುಗಳನ್ನು ಹತ್ತೊಂಬತ್ತು ವರ್ಷ ಒಂದೂ ಬಿಡದೆ ನಕಲು ಮಾಡಿದ ಕೈ, ತನ್ನದನ್ನು ಬರೆಯುವಾಗ ಅದನ್ನೇ ಮರೆತಿತ್ತು. ಆಗ ಒಂಬತ್ತಾಗಿ ಐದು ನಿಮಿಷ.

ಹಿಂದೆ ಕೂತಿದ್ದ ಮೇಷ್ಟ್ರು, ನನ್ನ ಹಳೆಯದೊಂದು ಕಪಾಟಿನಲ್ಲಿದೆ, ತೆಗೆದು ನುಡಿಸಿಬಿಡಿ ಎಂದರು. ಗಾಜಿನ ಆಚೆ ಸಾಹೇಬರು ಗಡಿಯಾರ ನೋಡುತ್ತಿದ್ದರು. ಹಳೆಯದನ್ನು ನುಡಿಸಿದರೆ ಮಾನ ಉಳಿಯುತ್ತದೆ, ಅಕ್ಕನ ಕಥೆ ಮುಗಿಯುತ್ತದೆ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತು.

"ಬೇಡ ಮೇಷ್ಟ್ರೇ," ಎಂದಳು ಅಕ್ಕ. "ನಲವತ್ತು ನಿಮಿಷ ಕೊಡಿ."

ಮೊದಲು ಮಾವನಿಂದ ಬರೀ ಒಂದು ಸ್ವರ ಊದಿಸಿ ಎಣಿಸಿದಳು. ಇಪ್ಪತ್ತೆರಡು. ಇನ್ನೊಮ್ಮೆ, ಇಪ್ಪತ್ತೊಂದು. ಮೂರನೆಯ ಸಲ ಇಪ್ಪತ್ತು. ಹಾಳೆಯ ಮೇಲೆ ಹದಿನೆಂಟು ಎಂದು ಬರೆದುಕೊಂಡಳು. ಆಮೇಲೆ ನೆಲದ ಮೇಲೆ ಕೂತು, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಬರೆಯತೊಡಗಿದಳು. ರಾಗದ ಒಂದು ಸ್ವರವನ್ನೂ ಕತ್ತರಿಸಲಿಲ್ಲ. ಹದಿನೆಂಟಕ್ಕೆ ಕೊಳಲು ಇಳಿಯಬೇಕು, ಪಿಟೀಲೊಂದು ಎತ್ತಿಕೊಳ್ಳಬೇಕು, ಮೂವತ್ತಕ್ಕೆ ಮತ್ತೆ ಕೊಳಲಿಗೆ ಒಪ್ಪಿಸಬೇಕು. ಪಿಟೀಲು ಎರಡು ಎಣಿಕೆ ಮೊದಲೇ, ಅದೇ ಸ್ವರದಲ್ಲಿ ಮೆಲ್ಲಗೆ ಸೇರಿಕೊಂಡರೆ ಬೆಸುಗೆ ಕಾಣುವುದಿಲ್ಲ. ಕ್ಲಾರಿನೆಟ್, ಚೆಲ್ಲೋ ಎಲ್ಲದರ ಹಾಳೆಯಲ್ಲೂ ಅದಕ್ಕೆ ತಕ್ಕ ತಿದ್ದುಪಡಿ. ಆ ವೇಗದಲ್ಲಿ ಅಷ್ಟು ಹಾಳೆ ಬರೆಯುವುದು ಮೇಷ್ಟ್ರ ಕೈಯಲ್ಲೂ ಆಗುತ್ತಿರಲಿಲ್ಲ, ಕೈ ನೆಟ್ಟಗಿದ್ದಾಗಲೂ.

ಮಸಿ ಆರದ ಒಂದು ಹಾಳೆಯನ್ನು ನನ್ನ ಮುಂದಿಟ್ಟಳು. ಆ ಪಿಟೀಲು ನಾನು. ಮೊದಲ ಕುರ್ಚಿಯವರಿದ್ದಾರಲ್ಲ ಎಂದೆ.

"ಅವರು ನುಗ್ತಾರೆ. ನೀನು ನುಸುಳ್ತೀಯ," ಎಂದಳು. "ಇದಕ್ಕೆ ನುಸುಳೋನೇ ಬೇಕು."

ಬೈಗುಳವೋ ಹೊಗಳಿಕೆಯೋ ಯೋಚಿಸಲು ಸಮಯವಿರಲಿಲ್ಲ. ಕ್ಯಾಂಟೀನಿನ ಮಾತು ನೆನಪಾಗಿ ನಾಚಿಕೆಯಾಯಿತು. ಬೆಸುಗೆಯ ಜಾಗವನ್ನು ಒಂದೇ ಸಲ ನುಡಿಸಿ ನೋಡಿದೆವು. ಅಷ್ಟರಲ್ಲಿ ಪ್ರಸಾರದ ಕೆಂಪು ದೀಪ ಹತ್ತಿತು.

ಮೊದಲ ಭಾಗದಲ್ಲಿ ನಾನು ಏನು ನುಡಿಸಿದೆನೋ ದೇವರಿಗೇ ಗೊತ್ತು. ಕೊಳಲು ಎದ್ದಿತು. ಎಣಿಸುತ್ತಾ ಹೋದೆ. ಹತ್ತು, ಹನ್ನೊಂದು. ಹದಿಮೂರಕ್ಕೆ ಮಾವನ ಕತ್ತಿನ ನರ ಉಬ್ಬಿತು. ಗಾಬರಿ ಅವರ ಅರ್ಧ ಉಸಿರನ್ನು ಮೊದಲೇ ತಿಂದಿತ್ತು. ಹದಿನೆಂಟರ ತನಕ ಅವರು ಬರುವುದಿಲ್ಲ ಎಂದು ಪಕ್ಕದಲ್ಲಿದ್ದ ನನಗೆ ಖಾತ್ರಿಯಾಯಿತು. ನನ್ನ ಹಾಳೆಯಲ್ಲಿ ಹದಿನಾರು ಎಂದಿದೆ. ಬೇಗ ಹೋದರೆ ಬರೆದದ್ದು ಮೀರಿದಂತೆ, ಹೋಗದಿದ್ದರೆ ಊರಿಗೆಲ್ಲ ಕೇಳುವ ಹಾಗೆ ಮೌನ. ಅಕ್ಕನ ಕಡೆ ನೋಡಿದೆ. ಅವಳು ಹಾಳೆಯನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಮಾವನ ಎದೆಯ ಮೇಲಿತ್ತು. ಹದಿನಾಲ್ಕಕ್ಕೆ ಅವಳ ಎಡಗೈ ನನ್ನ ಕಡೆ ಚಾಚಿತು. ಕಮಾನು ಇಟ್ಟೆ. ಹದಿನಾರಕ್ಕೆ ಕೊಳಲು ನಿಂತಿತು. ರಾಗ ನಿಲ್ಲಲಿಲ್ಲ.

ಮಾವ ಬಾಯಿ ತೆರೆದು ಉಸಿರೆಳೆದುಕೊಂಡರು. ಬರೆದಿದ್ದ ಹನ್ನೆರಡಲ್ಲ, ಹದಿನಾಲ್ಕು ಎಣಿಕೆಯ ತನಕ ಹದಿನಾಲ್ಕು ಜನರ ಭಾರವೂ ನನ್ನ ಕಮಾನಿನ ಮೇಲಿತ್ತು. ಮೂವತ್ತಕ್ಕೆ ಅವರು ಬಂದು ರಾಗವನ್ನು ಇಸಿದುಕೊಂಡರು, ನಲವತ್ತಕ್ಕೆ ತಂದು ಇಳಿಸಿದರು.

ದೀಪ ಆರಿತು. ಗಾಜಿನ ಆಚೆ ಸಾಹೇಬರು ಎದ್ದು ನಿಂತರು. ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಅವರನ್ನು ಗಮನಿಸದೆ ನಿಧಾನವಾಗಿ ಮುಂದೆ ಬಂದು, ಅಕ್ಕನ ದೊಡ್ಡ ಹಾಳೆ ಎತ್ತಿಕೊಂಡು, ನಡುಗುವ ಬೆರಳನ್ನು ಒಂದು ಕಡೆ ಒತ್ತಿ ಹಿಡಿದರು.

"ಇಲ್ನೋಡು. ಕ್ಲಾರಿನೆಟ್ಟನ್ನ ಕೊಳಲಿನ ಪಕ್ಕದಲ್ಲೇ ಕೂರಿಸಿದೀಯ, ಒಂದನ್ನೊಂದು ನುಂಗ್ತಾ ಇವೆ. ಮುಂದಿನ ಸಲ ಕೆಳಗಿನ ಸ್ಥಾಯೀಲಿಡು."

ಅಕ್ಕ ಹೂಂ ಎಂದಳು. ಆಮೇಲೆ ನನ್ನ ಕುರ್ಚಿಯ ಮೇಲೆ ಕುಸಿದು ಕೂತು, ನಮ್ಮೆಲ್ಲರ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತಳು.