ಆಯಿಲ್ ನಟ್ಟಿನ ಬಿಗಿ

ನನ್ನ ಕಾರಿನ ಮೆಕ್ಯಾನಿಕ್ ಇದ್ದರಲ್ಲ, ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಮಾತ್ರ ಇತ್ತು. ಉಳಿದರ್ಧ ಯಾವುದೋ ಲಾರಿಯ ಎಂಜಿನ್ ಪಾಲಾಗಿತ್ತಂತೆ. ಆ ಬೆರಳನ್ನು ಸ್ಪ್ಯಾನರಿನ ಮೇಲೆ ಒತ್ತಿಟ್ಟೇ ಅವರು ನಟ್ಟಿನ ಬಿಗಿ ನೋಡುತ್ತಿದ್ದರು. ನನಗೆ ಅದೇ ಅನುಮಾನ. ಕಬ್ಬಿಣದ ಬಿಗಿ ಬೆರಳಿಗೆ ಹೇಗ್ರೀ ಗೊತ್ತಾಗುತ್ತೆ?

ಊರು ಗುಬ್ಬಿಯಾದರೂ ಅವರ ಗ್ಯಾರೇಜು ತುಮಕೂರಿನ ಗುಬ್ಬಿ ರಸ್ತೆಯ ಒಂದು ತಗಡಿನ ಶೆಡ್ಡು. ನಾನು ಶೆಟ್ಟಿಹಳ್ಳಿಯಿಂದ ಅಮೃತೂರಿನ ಶಾಲೆಗೆ ಹಳೇ ಕಾರಿನಲ್ಲಿ ಓಡಾಡುವ ಮೇಷ್ಟ್ರು, ಹುಟ್ಟಾ ಅನುಮಾನದ ಪ್ರಾಣಿ. ತರಕಾರಿಯವಳ ತಕ್ಕಡಿ, ಪೆಟ್ರೋಲ್ ಬಂಕಿನ ಮೀಟರು, ಯಾವುದನ್ನೂ ನಂಬಿದವನಲ್ಲ. ಆಯಿಲ್ ಬದಲಾಯಿಸುವ ದಿನ ಅವರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಡಬ್ಬಿಯ ಸೀಲನ್ನು ಎರಡೆರಡು ಸಲ ನೋಡುತ್ತಿದ್ದೆ. ಅವರಿಗೆ ಬೇಜಾರೇ ಇಲ್ಲ. "ನೋಡಿ ಮೇಷ್ಟ್ರೇ, ಚೆನ್ನಾಗಿ ನೋಡಿ. ನಾನೂ ನೋಡ್ದಲೆ ಹಾಕಲ್ಲ," ಅನ್ನುತ್ತಿದ್ದರು.

ಹಳೇ ಆಯಿಲ್ ಪೂರ್ತಿ ಇಳಿದ ಮೇಲೆ ಎಂಜಿನ್ನಿನ ಅಡಿ ಆಯಿಲ್ ನಿಲ್ಲುವ ಚೇಂಬರಿನ ತೂತನ್ನು ಬನಿಯನ್ ಬಟ್ಟೆಯಲ್ಲಿ ಒರೆಸುವರು. ಹೊಸ ವಾಷರ್ ಹಾಕಿ, ಆ ತೂತು ಮುಚ್ಚುವ ನಟ್ಟನ್ನು ಬರೀ ಬೆರಳಲ್ಲೇ ಕೊನೆಯವರೆಗೂ ತಿರುಗಿಸುವರು. ಆಮೇಲೆ ಗೇಣುದ್ದದ ಸ್ಪ್ಯಾನರಿನಲ್ಲಿ ಒಂದು ಸಣ್ಣ ಎಳೆತ. "ವಾಷರ್ ಕೂತ್ಕೊಂತು, ಸಾಕು."

"ಇನ್ನೊಂದು ಸುತ್ತು ಬಿಗಿ ಮಾಡ್ರೀ," ಅಂದರೆ, "ಬ್ಯಾಡಿ ಮೇಷ್ಟ್ರೇ, ಚೇಂಬರ್ ಅಲ್ಯೂಮಿನಿಯಂದು. ಜಾಸ್ತಿ ಎಳೆದ್ರೆ ತೂತಿನೊಳಗಿನ ಥ್ರೆಡ್ ಹೊಂಟೋಯ್ತದೆ, ಆಮೇಲೆ ನಟ್ ನಿಲ್ಲಲ್ಲ," ಅನ್ನುವರು.

ನನಗೆ ಸಮಾಧಾನವಾಗಲಿಲ್ಲ. ಒಂದು ಭಾನುವಾರ ಮನೆ ಮುಂದೆ ಕಾರಿನಡಿ ತೂರಿ, ಸ್ಪ್ಯಾನರಿಗೆ ನಲ್ಲಿ ಪೈಪು ಸಿಕ್ಕಿಸಿ, ಹಲ್ಲು ಕಚ್ಚಿ ಎಳೆದೆ. ಮೊದಲು ಗಟ್ಟಿಯಾಗಿತ್ತು, ಇದ್ದಕ್ಕಿದ್ದಂತೆ ಮೆತ್ತಗಾಯಿತು. ಸರಿಯಾಗಿ ಕೂತಿತು ಅಂದುಕೊಂಡೆ, ದಡ್ಡ ಶಿಖಾಮಣಿ.

ಮಾರನೆಯ ದಿನ ಕುಣಿಗಲ್ ಹತ್ತಿರ ಆಯಿಲ್ ದೀಪ ಹತ್ತಿತು. ಇಳಿದು ನೋಡಿದರೆ ಹಿಂದೆ ಟಾರಿನ ಮೇಲೆ ಉದ್ದಕ್ಕೂ ಕಪ್ಪು ಗೆರೆ. ಫೋನ್ ಮಾಡಿದೆ. ಗುಬ್ಬಿಯ ಟ್ಯಾಕ್ಸಿ ಮಾಲೀಕನೊಬ್ಬನ ಕಾರಿನಲ್ಲಿ ಅವರು ಓಡೋಡಿ ಬಂದರು. ಆತನ ಮೂರು ಕಾರೂ ಇವರ ಗ್ಯಾರೇಜಿಗೇ ಬರುತ್ತಿದ್ದವು. ಆತನ ಎದುರು, ರಸ್ತೆ ಬದಿಯ ಟೀ ಅಂಗಡಿಯ ಅಷ್ಟೂ ಜನರ ಎದುರು ಕೂಗಾಡಿದೆ. "ಲೂಸ್ ಬಿಟ್ಟಿದೀರಿ! ಅವತ್ತೇ ಬಡ್ಕೊಂಡೆ ಅಲ್ವೇನ್ರೀ?"

ಅವರು ಕಾರಿನಡಿ ತೂರಿದರು. ಹೊರಬಂದಾಗ ಕೈಯಲ್ಲಿ ನಟ್ಟಿತ್ತು. ಅದರ ಮೂಲೆಗಳು ಸವೆದು, ಥ್ರೆಡ್ಡಿಗೆ ಚೇಂಬರಿನ ಬೆಳ್ಳನೆ ಚೂರು ಸುತ್ತಿಕೊಂಡಿತ್ತು. ನಟ್ಟನ್ನು ನೋಡಿದರು. ಪೈಪು ಎಳೆದು ಬೊಬ್ಬೆ ಎದ್ದಿದ್ದ ನನ್ನ ಅಂಗೈಯನ್ನೂ ನೋಡಿದರು. ನಟ್ಟನ್ನು ಜೇಬಿಗೆ ಹಾಕಿಕೊಂಡು, "ಸರಿ ಮಾಡ್ಕೊಡ್ತೀನಿ ಬುಡಿ," ಅಂದರು. ನಾನು ಅಂಗೈಯನ್ನು ಜೇಬಿಗೆ ಸೇರಿಸಿದೆ. ಮುಂದಿನ ವಾರದಿಂದ ಆ ಮೂರು ಕಾರುಗಳು ಬೇರೆ ಗ್ಯಾರೇಜಿಗೆ ಹೋದವು.

ಅದರ ಮುಂದಿನ ಸಲ ಆಯಿಲ್ ಬದಲಾಯಿಸುವಾಗ ಅವರು ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟರು. "ನೀವೇ ಎಳೀರಿ." ನನ್ನ ಕೈ ಮೇಲೆ ಆ ಅರ್ಧ ಉಗುರಿನ ಹೆಬ್ಬೆರಳಿಟ್ಟರು. "ಹಾಂ... ಹಾಂ... ಕೂತ್ಕೊಂತು. ಗೊತ್ತಾಯ್ತಾ?" ಗೊತ್ತಾಯಿತು. ಅವರಿಗೆ ಎಲ್ಲವೂ ಗೊತ್ತಿದೆ ಅನ್ನುವುದೂ ಗೊತ್ತಾಯಿತು. ನಾಚಿಕೆಯಿಂದ ಹಿಡಿಯಷ್ಟಾದೆ. ಆದರೂ ಬಾಯಿ ಬಿಡಲಿಲ್ಲ.

ಹೋದ ವರ್ಷ ಎದೆನೋವು ಅಂತ ಮಲಗಿದವರು ಏಳಲೇ ಇಲ್ಲ. ಗುಬ್ಬಿಯ ಅವರ ಮನೆ ಮುಂದೆ, ಶಾಮಿಯಾನದಡಿ, ಆ ಟ್ಯಾಕ್ಸಿ ಮಾಲೀಕ ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ.

"ಒಳ್ಳೆ ಮನ್ಸ ಸಾರ್. ಆದ್ರೆ ನಿಮ್ ಕಾರಿನ ನಟ್ ಲೂಸ್ ಬಿಟ್ರಲ್ಲ, ಅವತ್ತಿಂದ ನಂಗೆ ನಂಬಿಕೆ ಹೊಂಟೋಯ್ತು."

"ಅವರು ಬಿಟ್ಟಿರಲಿಲ್ಲ ಕಣಪ್ಪ," ಅಂದೆ. "ಪೈಪ್ ಹಾಕಿ ಎಳ್ದು ಕೆಡಿಸಿದೋನು ನಾನು."

ಆತ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. "ಇದ್ನ ಅವ್ರು ಇದ್ದಾಗ ಹೇಳ್ಬಾರ್ದಾಗಿತ್ತಾ ಸಾರ್?" ಅಂದ.