ಅಕ್ಕನಿಗೆಂದು ಬೆಚ್ಚಗಾದ ಕೋಣೆ

ಉಣ್ಣೆಯ ಕಾಲುಚೀಲವನ್ನು ಹೆಬ್ಬೆರಳಿನ ಸಂದಿಗೆ ಒತ್ತಿ, ಅದರ ಮೇಲೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು, ಬಾತುಕೋಳಿಯಂತೆ ಓಲಾಡುತ್ತ ನಡೆಯುತ್ತಿದ್ದರು ನಮ್ಮ ಓನರ್ ಆಂಟಿ. ಸೀರೆಯ ಮೇಲೆ ತೀರಿಹೋದ ಗಂಡನ ದಪ್ಪ ಜರ್ಸಿ. ಈ ಪರದೇಶದ ಪಾಪಕುರಾ ಎಂಬ ಊರಿನಲ್ಲಿದ್ದ ಅವರ ಮನೆಯ ಮುಂದಿನ ರೂಮನ್ನು ನಾನು ಓದಲು ಬಂದ ವರ್ಷ ಬಾಡಿಗೆಗೆ ಹಿಡಿದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕ ಮೇಲೂ ಬಿಡಲಿಲ್ಲ. ಆಂಟಿ ಮೈಸೂರಿನವರು, ನರ್ಸ್ ಆಗಿ ಬಂದು ಇಲ್ಲೇ ನಿವೃತ್ತರಾದವರು. ಭಾನುವಾರ ಚರ್ಚಿನಿಂದ ಬಂದವರೇ ಉಪ್ಪಿಟ್ಟು ಮಾಡಿ ನನ್ನ ಬಾಗಿಲು ತಟ್ಟುತ್ತಿದ್ದರು. “ಏಳು ಕಣಮ್ಮಾ, ಆರಿದ್ರೆ ಇದು ಗೋಡೆಗೆ ಮೆತ್ತೋಕೇ ಲಾಯಕ್ಕು.”

ಮನೆಯ ಹಿಂದೆ, ಬಟ್ಟೆ ಒಣಹಾಕುವ ಅಂಗಳದಾಚೆ, ಒಂದು ಕೋಣೆ ಮತ್ತು ಬಚ್ಚಲಿದ್ದ ಪುಟ್ಟ ಕಟ್ಟಡವಿತ್ತು. ಇಲ್ಲಿಯವರು ಅದಕ್ಕೆ ಸ್ಲೀಪ್‌ಔಟ್ ಎನ್ನುತ್ತಾರೆ. ಆಂಟಿ ‘ಹಿಂದಿನ ಮನೆ’ ಎನ್ನುತ್ತಿದ್ದರು. ಬಾಡಿಗೆಗೆ ಕೇಳಿದವರಿಗೆಲ್ಲ ಇಲ್ಲವೆಂದು ಅದನ್ನು ಖಾಲಿ ಇಟ್ಟಿದ್ದರು. ಕಾರಣ ಹೇಳಿದ್ದು ಒಂದು ಸಂಜೆ, ಇಬ್ಬರೂ ಸೇರಿ ಬೆಡ್‌ಶೀಟ್ ಮಡಚುತ್ತಿದ್ದಾಗ.

ಚಿಕ್ಕಂದಿನಲ್ಲೇ ತಾಯಿ ಹೋದ ಆಂಟಿಯನ್ನು ಸಾಕಿ, ಮನೆಯಲ್ಲೇ ಹೊಲಿಗೆ ಹೊಲಿದು ನರ್ಸಿಂಗ್ ಓದಿಸಿದವರು ಅವರ ಅಕ್ಕ. ಆ ಅಕ್ಕ ಒಮ್ಮೆ ಇಲ್ಲಿಗೆ ಬಂದಿದ್ದರು, ಅದೂ ಚಳಿಗಾಲದಲ್ಲಿ. ಹಿಂದಿನ ಮನೆಯಲ್ಲಿ ಹಾಸಿಗೆ, ಮೂಲೆಯಲ್ಲೊಂದು ಸಣ್ಣ ಕರೆಂಟಿನ ಹೀಟರು. ಬೆಳಿಗ್ಗೆ ಕಿಟಕಿ ಗಾಜಿನ ಒಳಗಡೆಯೇ ನೀರು ಇಳಿಯುತ್ತಿತ್ತು.

“‘ಕಾಲು ಕಲ್ಲಾಗ್ತಿದೆ ಕಣೇ’ ಅಂದ್ಲು. ನಂಗೆ ಡ್ಯೂಟಿಗೆ ಹೊತ್ತಾಗಿತ್ತು. ‘ಇಲ್ಲಿ ಎಲ್ರೂ ಹೀಗೇ ಇರೋದು, ಇನ್ನೊಂದು ಸ್ವೆಟರ್ ಹಾಕ್ಕೋ’ ಅಂದ್ಬಿಟ್ಟೆ.”

ಅಕ್ಕನಿಗೆ ಕೆಮ್ಮು ಹಿಡಿಯಿತು. ಟಿಕೆಟ್ ಬದಲಿಸಿಕೊಂಡು ಬೇಗನೆ ಹೊರಟುಹೋದರು. ಆಮೇಲೆ ಫೋನಿನಲ್ಲಿ ಊಟ, ಔಷಧ, ಹವಾಮಾನ ಎಲ್ಲ ಮಾತಾಡುತ್ತಿದ್ದರಂತೆ. ‘ಬರ್ತೀನಿ’ ಎಂದು ಮಾತ್ರ ಮತ್ತೆ ಹೇಳಲಿಲ್ಲ.

“ಅವ್ಳು ಚಳಿಗೆ ಹೋಗ್ಲಿಲ್ಲ ಕಣಮ್ಮಾ,” ಎಂದರು ಆಂಟಿ. “ನನ್ನ ಮಾತಿಗೆ ಹೋದ್ಲು.”

ನಿವೃತ್ತರಾದ ವರ್ಷ ಹಿಂದಿನ ಮನೆಗೆ, ಕೋಣೆ ಬೆಚ್ಚಗಿಡುವ ಹೀಟ್ ಪಂಪ್ ಹಾಕಿಸುವುದೆಂದು ಹಟ ಹಿಡಿದರು. ಗ್ಯಾಸ್ ಹೀಟರ್ ಸಾಕೆಂದ ಚರ್ಚಿನ ಗೆಳತಿಗೆ, “ಅದು ರೂಮೆಲ್ಲ ತೇವ ಮಾಡತ್ತೆ, ನಮ್ಮಕ್ಕನ ಎದೆಗೆ ಆಗಲ್ಲ” ಎಂದು ಬಾಯಿ ಮುಚ್ಚಿಸಿದರು. ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಅಂಗಡಿ ಅಂಗಡಿ ಸುತ್ತಿದರು. ಒನೆಹುಂಗಾ ಬಡಾವಣೆಯ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್ ಗೋಡೆಯ ಮೇಲೆ ಎತ್ತರದಲ್ಲಿದ್ದ ಯಂತ್ರವನ್ನು ಹೊಗಳುತ್ತಿದ್ದ. ಆಂಟಿ ಕೇಳಿದರು, “ಹೊರಗಿನ ಗಾಳಿಯೇ ಅಷ್ಟು ತಣ್ಣಗಿರುವಾಗ ಅದರಿಂದ ಬಿಸಿ ಹೇಗೆ ಬರುತ್ತದೆ?” ತಣ್ಣನೆಯ ಗಾಳಿಯಲ್ಲೂ ಒಂದಿಷ್ಟು ಬಿಸಿ ಇದ್ದೇ ಇರುತ್ತದೆ, ಯಂತ್ರ ಅದನ್ನು ಎಳೆದು ಒಳಗೆ ತರುತ್ತದೆ ಎಂದು ಅವನು ತಾಳ್ಮೆಯಿಂದ ವಿವರಿಸಿದ. ಅಷ್ಟರಲ್ಲಿ ಅವರ ಕಣ್ಣು ಗೋಡೆಯ ಬುಡದಲ್ಲಿ ನೆಲಕ್ಕೆ ತಾಗಿಕೊಂಡಿದ್ದ ಇನ್ನೊಂದು ಯಂತ್ರದ ಮೇಲೆ ಬಿತ್ತು. ಅದನ್ನು ಚಾಲೂ ಮಾಡಿಸಿ, ಸೀರೆ ಒತ್ತರಿಸಿಕೊಂಡು ಅಂಗಡಿಯ ನೆಲದ ಮೇಲೆಯೇ ಕೂತುಬಿಟ್ಟರು. ಕಾಲು ಚಾಚಿ ಕಣ್ಣು ಮುಚ್ಚಿದರು. ಜನ ಸುತ್ತು ಬಳಸಿ ಹೋಗುತ್ತಿದ್ದರು. ನನಗೆ ನಾಚಿಕೆ.

“ಸದ್ದಿಲ್ಲ,” ಎಂದರು ಕಣ್ಣು ತೆರೆದು. “ಬಿಸಿ ಮೊದ್ಲು ಕಾಲಿಗೇ ಬರತ್ತೆ. ಇದೇ ಇರ್ಲಿ.”

ಅಳತೆಗೆ ಬಂದವನು ನೆಲದ ಹಲಗೆ ತಟ್ಟಿ ನೋಡಿ, ಮೊದಲು ಕೆಳಗೆ ಇನ್ಸುಲೇಷನ್ ಹಾಕಿಸಿ, ಇಲ್ಲದಿದ್ದರೆ ಎಷ್ಟು ದೊಡ್ಡ ಯಂತ್ರ ತಂದರೂ ಬಿಸಿ ನಿಲ್ಲುವುದಿಲ್ಲ ಎಂದ. ಆಂಟಿ ಅದನ್ನೂ ಮಾಡಿಸಿದರು. ಯಂತ್ರದ ಹೊರಗಿನ ಪೆಟ್ಟಿಗೆಯ ಸದ್ದು ಹಾಸಿಗೆಯ ಕಡೆಗೆ ಬರದಂತೆ ಅದನ್ನು ಬಚ್ಚಲ ಹಿಂದೆ ಇಡಿಸಿದರು. ಎಲ್ಲ ಮುಗಿದ ದಿನ ವಿಡಿಯೊ ಕಾಲ್ ಮಾಡಿ, ಫೋನನ್ನು ಯಂತ್ರದ ಬಾಯಿಗೇ ಹಿಡಿದರು.

“ನೋಡಕ್ಕಾ, ಎಷ್ಟು ಬೆಚ್ಚಗಿದೆ!”

“ಫೋನಲ್ಲಿ ಬಿಸಿ ಹೇಗೆ ಗೊತ್ತಾಗತ್ತೆ ಪೆದ್ದಿ,” ಎಂದು ಅಕ್ಕ ನಕ್ಕರು. “ಬಂದೇ ನೋಡ್ಬೇಕು.”

ಫೋನಿಟ್ಟ ಮೇಲೆ ಆಂಟಿ ನನ್ನ ತೋಳು ಹಿಡಿದು ಅಲುಗಿಸಿದರು. “ಕೇಳಿಸ್ಕೊಂಡ್ಯಾ? ಬರ್ತೀನಿ ಅಂದ್ಲು!”

ವೀಸಾಕ್ಕೆ ಮಾಡಿಸಿದ ಎಕ್ಸ್‌ರೇಯಲ್ಲಿ ಅಕ್ಕನ ಶ್ವಾಸಕೋಶ ಕೆಟ್ಟಿರುವುದು ತಿಳಿಯಿತು. ವಿಮಾನ ಹತ್ತುವುದು ಬೇಡವೆಂದರು ಡಾಕ್ಟರು. ತಾನೇ ಹೋಗಿ ಜೊತೆಗಿರುತ್ತೇನೆಂದು ಆಂಟಿ ಟಿಕೆಟ್ ತೆಗೆಸಿದರು. ಅವರು ಮೈಸೂರು ಮುಟ್ಟುವಷ್ಟರಲ್ಲಿ ಅಕ್ಕನನ್ನು ಮಣ್ಣು ಮಾಡಿಯಾಗಿತ್ತು. ವಾಪಸು ಬಂದವರು ಹಿಂದಿನ ಮನೆಗೆ ಬೀಗ ಹಾಕಿದರು. ಬಟ್ಟೆಯನ್ನೂ ಆ ಅಂಗಳದಲ್ಲಿ ಒಣಹಾಕದೆ ಒಳಗೇ ಹರವತೊಡಗಿದರು.

ಮುಂದಿನ ಚಳಿಗಾಲಕ್ಕೆ ನನಗೊಂದು ಆಪರೇಷನ್ ಆಯಿತು. ನನ್ನನ್ನು ನೋಡಿಕೊಳ್ಳಲು ದಾವಣಗೆರೆಯಿಂದ ಅಮ್ಮ ಬರುವುದೆಂದಾಗ, ನನ್ನ ರೂಮಿನಲ್ಲೇ ಹೇಗೋ ಹೊಂದಿಕೊಳ್ಳುತ್ತೇವೆ ಎಂದೆ. ಆಂಟಿ ಎದ್ದುಹೋಗಿ ಹಿಂದಿನ ಮನೆಯ ಬೀಗ ತೆಗೆದು, ಕಸ ಗುಡಿಸಿ, ಹೀಟ್ ಪಂಪಿನ ಜಾಲರಿ ತೊಳೆದು ಒಣಗಿಸಿದರು. “ಯಾರಿಗೆ ಮಾಡ್ಸಿದ್ದು ಅಂತ ಅವ್ರಿಗೆ ಹೇಳ್ಬೇಡ. ಮುಜುಗರ ಪಟ್ಕೋತಾರೆ,” ಎಂದು ನನ್ನಿಂದ ಮಾತು ತೆಗೆದುಕೊಂಡರು.

ಅಮ್ಮ ಸುಮ್ಮನಿರುವವಳಲ್ಲ. ಕರೆಂಟು ಯಾಕೆ ದಂಡ ಎಂದು ಹೋಗಿಬಂದಾಗಲೆಲ್ಲ ಆರಿಸುವಳು. ಆಂಟಿ ಬಂದು ಮತ್ತೆ ಹಾಕುವರು.

“ಬಿಡ್ರಿ, ನನಿಗೆ ಸ್ವೆಟರ್ ಐತಲ್ಲ, ಸಾಕು,” ಎಂದಳು ಅಮ್ಮ ಒಂದು ದಿನ.

ಆಂಟಿಯ ಕೈ ರಿಮೋಟಿನ ಮೇಲೆ ನಿಂತಿತು. “ಸಾಕಾಗಲ್ಲ ಅಮ್ಮಾ,” ಎಂದರು, ಬಹಳ ಮೆಲ್ಲಗೆ. “ದಯವಿಟ್ಟು ಉರೀಲಿ.”

ಅಂದಿನಿಂದ ಅಮ್ಮ ಆರಿಸಲಿಲ್ಲ. ಸಂಜೆಯಾದರೆ ಆಂಟಿ ಅಲ್ಲಿಗೆ ಬಂದು ಕೂರುತ್ತಿದ್ದರು. ಅಮ್ಮನ ಕಾಲು ಮುಟ್ಟಿ ನೋಡಿ, ಬೆಚ್ಚಗಿದೆಯೆಂದು ಖಾತ್ರಿಯಾದ ಮೇಲೆಯೇ ಕುರ್ಚಿಗೆ ಒರಗುವರು. “ನರ್ಸಮ್ಮ ಆಗಿದ್ದೋರಲ್ಲ, ಅಭ್ಯಾಸ,” ಎಂದುಕೊಂಡಳು ಅಮ್ಮ. ನಾನು ಗುಣವಾಗಿ ಕೆಲಸಕ್ಕೆ ಮರಳಿದೆ. ಅಮ್ಮ ಊರಿಗೆ ಹೋದಳು.

ಹೋದ ವರ್ಷ ಆಂಟಿ ತೀರಿಕೊಂಡರು. ನಿದ್ದೆಯಲ್ಲೇ ಹೃದಯ ನಿಂತಿತ್ತು. ಮಕ್ಕಳಿಲ್ಲದ ಅವರನ್ನು ಚರ್ಚಿನವರೂ ನಾನೂ ಸೇರಿ ಅವರ ಗಂಡನ ಪಕ್ಕದಲ್ಲೇ ಮಲಗಿಸಿದೆವು. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಇನ್ನು ಮಾತು ಉಳಿಸಿಕೊಂಡು ಯಾರಿಗೇನಾಗಬೇಕೆಂದು ಅಕ್ಕನ ವಿಷಯವನ್ನೂ ಹೇಳಿದೆ.



“ನಾನು ಅಷ್ಟು ದಿನಾನೂ ಅವ್ರನ್ನ ‘ಏನ್ರಿ ಮೇಡಮ್ಮೋರೆ’ ಅಂತಿದ್ನಲ್ಲೇ,” ಎಂದಳು ಅಮ್ಮ. “ಮೊದ್ಲೇ ಗೊತ್ತಿದ್ದಿದ್ರೆ ಒಂದ್ ಸಲನಾದ್ರೂ ತಂಗೀ ಅಂತ ಕರೀತಿದ್ದೆ.”