ಬೆಣ್ಣೆಕೈಯವರ ಹೆಬ್ಬೆರಳು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದ ಅವರನ್ನು ಗಿರಾಕಿಗಳು ಬೆಣ್ಣೆಕೈಯವರು ಎಂದೇ ಕರೆಯುತ್ತಿದ್ದರು. ಅವರ ಕೈಗೆ ಮುಖ ಕೊಟ್ಟರೆ ಕತ್ತಿ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಗೊರಕೆ ಹೊಡೆಯುವವರೂ ಇದ್ದರು. ಬ್ಲೇಡು ಸಿಕ್ಕಿಸುವ ಕತ್ತಿ ಎಲ್ಲ ಅಂಗಡಿಗಳಿಗೂ ಬಂದು ಎಷ್ಟೋ ಕಾಲವಾಗಿದ್ದರೂ ಅವರು ಮಾತ್ರ ಹಳೆಯ ಮಡಚುವ ಕತ್ತಿಯನ್ನೇ ಚರ್ಮದ ಪಟ್ಟಿಗೆ ಉಜ್ಜಿ ಬಳಸುತ್ತಿದ್ದರು. ಹರಿತ ಬಂತೋ ಇಲ್ಲವೋ ಎಂದು ಹೆಬ್ಬೆರಳಿನ ತುದಿಯಿಂದ ನೋಡುತ್ತಿದ್ದರು.

ಆ ಹೆಬ್ಬೆರಳಿಗೆ ಏನೋ ಆಗಿದೆ ಎಂಬುದು ಮೊದಲು ಗೊತ್ತಾದದ್ದು ಬಿಸಿ ಟವೆಲಿನಿಂದ. ಹಿಂಡಿ ಮುಖದ ಮೇಲೆ ಹಾಕಿದ್ದೇ ತಡ, ಗಿರಾಕಿ ಹಾರಿ ಕುಳಿತು, ಇಷ್ಟು ಬಿಸಿ ನಿಮಗೆ ಹೇಗೆ ತಡೆಯುತ್ತದೆ ಎಂದು ಕೇಳಿದ. ಅಭ್ಯಾಸ ಆಗಿಬಿಟ್ಟಿದೆ ಎಂದು ಅವರು ನಕ್ಕರು. ಆಮೇಲೆ ಅಂಗಿಯ ಗುಂಡಿ ಹಾಕಲು ಕನ್ನಡಿ ಬೇಕಾಯಿತು. ಬೆಳಗ್ಗೆ ಏಳುವಾಗ ಬಲಗೈ ಜೋಮು ಹಿಡಿದಿರುತ್ತಿತ್ತು. ಕೊಡವಿ ಕೊಡವಿ ಸರಿಮಾಡಿಕೊಳ್ಳಬೇಕು. ಬರಬರುತ್ತ ಕೊಡವಿದರೂ ಹೆಬ್ಬೆರಳು, ಪಕ್ಕದ ಎರಡು ಬೆರಳು ತಮ್ಮವೇ ಅಲ್ಲವೇನೋ ಅನ್ನಿಸತೊಡಗಿತು. ಯಾರಿಗೂ ಹೇಳಲಿಲ್ಲ. ಹೆಂಡತಿ ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವವಳು. ಅವಳ ಸೊಂಟನೋವಿನ ಮುಂದೆ ತಮ್ಮ ಬೆರಳಿನ ದೂರು ಏನು ಮಹಾ ಎಂದು ಸುಮ್ಮನಿದ್ದರು. ಹೇಳಿದರೆ ಕತ್ತಿ ಕೆಳಗಿಡು ಎನ್ನುತ್ತಾಳೆ ಎಂಬ ಭಯವೇ ನಿಜವಾದ ಕಾರಣ.

ಅದೇ ಕಾಲಕ್ಕೆ ಹೆಂಡತಿಯ ತಮ್ಮನ ಸಂಸಾರ ಮುರಿದುಬಿತ್ತು. ಅವನು ಪಂಪು, ಡೀಸೆಲ್ ಇಂಜಿನ್ ರಿಪೇರಿ ಮಾಡುವ ಮೆಕ್ಯಾನಿಕ್. ಕೆಲಸ ಬಿಟ್ಟರೆ ಅವನಿಗಿದ್ದದ್ದು ಮೀನಿನ ಹುಚ್ಚು ಒಂದೇ. ಊರ ಹೊರಗಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಬಾಸ್ ಮೀನು ಹಿಡಿಯಲು ಸಣ್ಣ ದೋಣಿ ಇಟ್ಟಿದ್ದ. ಇಬ್ಬರು ಕೂರುವ ದೋಣಿ, ಜೋಡಿ ಗಾಳದ ಕೋಲು, ಜೋಡಿ ರೀಲು. ಎರಡನೆಯ ಜೊತೆಯನ್ನು ಯಾರಿಗೆಂದು ತಂದಿದ್ದನೋ ಅವಳು ಬಟ್ಟೆಬರೆ ಕಟ್ಟಿಕೊಂಡು ಹೋಗಿದ್ದಳು. ಅವನು ಮಾತು ಬಿಟ್ಟ, ಊಟ ಬಿಟ್ಟ. ಅವನ ಜೊತೆ ಒಂದಷ್ಟು ದಿನ ಹೋಗಿ ಬನ್ನಿ, ಒಬ್ಬನೇ ನೀರಿಗೆ ಹೋಗ್ತಾನೆ, ನನಗೆ ಜೀವದಲ್ಲಿ ಜೀವ ಇರಲ್ಲ ಎಂದು ಹೆಂಡತಿ ಗಂಡನ ಬೆನ್ನು ಹತ್ತಿದಳು. ಬೆಣ್ಣೆಕೈಯವರಿಗೆ ಮೀನು ತಿನ್ನುವುದು ಗೊತ್ತಿತ್ತೇ ಹೊರತು ಹಿಡಿಯುವುದಲ್ಲ. ಆದರೂ ಅಂಗಡಿಯ ರಜಾದಿನ ಹೊರಟರು.

ಪಾಠ ಶುರುವಾದದ್ದು ನೀರಿನಲ್ಲಲ್ಲ, ಗ್ಯಾರೇಜಿನ ಹಿಂದಿನ ಖಾಲಿ ಜಾಗದಲ್ಲಿ. ಮೆಕ್ಯಾನಿಕ್ ಒಂದು ಲಾರಿ ಟಯರನ್ನು ದೂರದಲ್ಲಿ ಮಲಗಿಸಿ, ದಾರದ ತುದಿಗೆ ಗಾಳದ ಮುಳ್ಳಿಲ್ಲದ ಸೀಸದ ಗುಂಡು ಕಟ್ಟಿ, ಅದರೊಳಗೆ ಬೀಳಿಸಿ ಎಂದ. ರೀಲು ಕೋಲಿನ ಮೇಲ್ಭಾಗದಲ್ಲಿ ಕೂತಿತ್ತು. ಒಂದು ಗುಂಡಿ ಒತ್ತಿದರೆ ದಾರ ಸುತ್ತಿದ ಉರುಳೆ ಸಡಿಲವಾಗಿ ತಿರುಗುತ್ತದೆ. ಕೋಲು ಬೀಸುವವರೆಗೆ ಅದನ್ನು ಹೆಬ್ಬೆರಳಿನಿಂದ ಹಿಡಿದಿರಬೇಕು, ಬೀಸಿದ ಕ್ಷಣ ಬಿಡಬೇಕು, ಗುಂಡು ಗಾಳಿಯಲ್ಲಿರುವಷ್ಟು ಹೊತ್ತು ಮೆಲ್ಲಗೆ ಸವರುತ್ತಿರಬೇಕು, ನೆಲ ಮುಟ್ಟುವಾಗ ಮತ್ತೆ ಒತ್ತಬೇಕು. ಒತ್ತದಿದ್ದರೆ ಗುಂಡು ನಿಂತರೂ ಉರುಳೆ ತಿರುಗುತ್ತಲೇ ಇದ್ದು ದಾರವೆಲ್ಲ ಗೋಜಲಾಗುತ್ತದೆ.

"ಬಿಡೋದೂ ಹೆಬ್ಬೆರಳೇ, ತಡೆಯೋದೂ ಹೆಬ್ಬೆರಳೇ ಭಾವ," ಎಂದ ಮೆಕ್ಯಾನಿಕ್. "ನಿಮಗೆ ನಾನೇನು ಹೇಳ್ಕೊಡೋದು. ನಿಮ್ಮಂಥ ಬೆರಳು ನನಗಿದ್ದಿದ್ರೆ ಆ ಹಿನ್ನೀರಲ್ಲಿ ಮೀನು ಉಳೀತಿರಲಿಲ್ಲ."

ಅವರು ಬಲಗೈಯನ್ನು ಒಮ್ಮೆ ಕೊಡವಿ ಕೋಲು ಹಿಡಿದರು. ಮೊದಮೊದಲು ತೊಂದರೆಯಾಗಲಿಲ್ಲ. ರೀಲಿನ ಪಕ್ಕದ ಬ್ರೇಕನ್ನು ಅವನು ಬಿಗಿಯಾಗಿ ತಿರುಗಿಸಿಟ್ಟಿದ್ದ. ಗುಂಡು ಅರ್ಧ ದೂರಕ್ಕೇ ಬೀಳುತ್ತಿತ್ತು, ಆದರೆ ದಾರ ಸಿಕ್ಕಾಗುತ್ತಿರಲಿಲ್ಲ. ಬ್ರೇಕು ಸಡಿಲಿಸಿದ ಮೇಲೆ ಬಣ್ಣ ಬಯಲಾಯಿತು. ಒತ್ತಿದರೆ ಪೂರ್ತಿ ಒತ್ತಿ ಗುಂಡು ಅಲ್ಲೇ ಕಾಲಬುಡಕ್ಕೆ ಬೀಳುತ್ತಿತ್ತು; ಬಿಟ್ಟರೆ ಪೂರ್ತಿ ಬಿಟ್ಟು ದಾರ ಕಾಗೆಗೂಡಾಗುತ್ತಿತ್ತು. ಅವೆರಡರ ನಡುವಿನದು ಆ ಬೆರಳಿಗೆ ಇರಲೇ ಇಲ್ಲ. ಇವತ್ತು ಮೀನಿನ ಆಸೆ ಬಿಡೋಣ ಭಾವ, ಈ ಗೂಡಲ್ಲಿ ಮೊಟ್ಟೆ ಸಿಗುತ್ತಾ ನೋಡೋಣ ಎಂದು ಮೆಕ್ಯಾನಿಕ್ ಬಹಳ ದಿನಗಳ ಮೇಲೆ ನಕ್ಕ. ಅವರೂ ನಕ್ಕರು. ಅವನು ನಕ್ಕ ಸುದ್ದಿ ಕೇಳಿ ಹೆಂಡತಿಯ ಕಣ್ಣು ಒದ್ದೆಯಾಯಿತು. ಹಾಗಾಗಿ ಮುಂದಿನ ವಾರ ಬರುವುದಿಲ್ಲ ಎನ್ನಲು ಅವರಿಗೆ ಬಾಯಿಯೇ ಬರಲಿಲ್ಲ.

ದೋಣಿಗೆ ಹೋದ ಮೇಲೆ ನಗುವಿಗೆ ಜಾಗವಿರಲಿಲ್ಲ. ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆಯ ಹತ್ತಿರ ಬಾಸ್ ಹೊಂಚು ಹಾಕಿರುತ್ತದೆ. ದಾರದ ತುದಿಗೆ ಆಮಿಷವಾಗಿ ಕಟ್ಟಿದ ಹುಸಿಮೀನು ಅಲ್ಲಿಗೇ ಬೀಳಬೇಕು. ಮೆಕ್ಯಾನಿಕ್ ಎಸೆದದ್ದು ಗುರಿಯಿಟ್ಟ ಕಡೆಗೇ ಬೀಳುತ್ತಿತ್ತು. ಭಾವನದು ಒಮ್ಮೆ ದೋಣಿಯ ಅಂಚಿಗೆ, ಒಮ್ಮೆ ಕೊಂಬೆಗೆ. ಎಸೆಯುವುದಕ್ಕಿಂತ ಸಿಕ್ಕು ಬಿಡಿಸುವುದೇ ಹೆಚ್ಚಾಯಿತು. ಹಲವು ವಾರ ಹೀಗೇ ಕಳೆದ ಮೇಲೆ ಒಂದು ಮೋಡದ ಮಧ್ಯಾಹ್ನ ಮೆಕ್ಯಾನಿಕ್‌ನ ತಾಳ್ಮೆ ತೀರಿತು.

"ನಿಮಗೆ ಇದು ಬೇಕಾಗಿಲ್ಲ ಭಾವ. ಅಕ್ಕ ಕಳಿಸಿದಳು ಅಂತ ಬರ್ತಿದ್ದೀರಿ. ಗಡ್ಡದ ಒಂದು ಕೂದಲು ಬಿಡದ ಮನುಷ್ಯನಿಗೆ ಇಷ್ಟು ಬರಲ್ಲ ಅಂದ್ರೆ ನಾನು ನಂಬಬೇಕಾ? ನನ್ನ ಮೇಲೆ ಕನಿಕರ ಇದ್ರೆ ಮನೇಲೇ ಇಟ್ಕೊಳ್ಳಿ."

ಅವರು ತಲೆ ತಗ್ಗಿಸಿ ರೀಲಿನ ಗೋಜಲು ಬಿಡಿಸುತ್ತ ಕೂತರು. ಹುಸಿಮೀನಿಗೆ ಮೂರು ಕವಲಿನ ಮುಳ್ಳುಗಳಿದ್ದವು. ಅದು ತೊಡೆಯ ಮೇಲೆ ತೂಗಾಡುತ್ತಿತ್ತು. ದಾರವನ್ನು ಒಂದೊಂದೇ ಎಳೆ ಎಳೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಎದುರು ಕೂತವನು ಇದ್ದಕ್ಕಿದ್ದಂತೆ ಕೋಲು ಕೆಳಗಿಟ್ಟ.

"ಭಾವ, ರಕ್ತ."

ಎಲ್ಲಿ ಎಂದು ಅವರು ನೀರಿನ ಕಡೆ ನೋಡಿದರು. ಅವನು ಅವರ ಬಲಗೈಯನ್ನು ಎತ್ತಿ ಹಿಡಿದ. ಒಂದು ಮುಳ್ಳು ಹೆಬ್ಬೆರಳಿನ ಮೆತ್ತನೆಯ ಭಾಗದಲ್ಲಿ ಪೂರ್ತಿ ಇಳಿದಿತ್ತು, ಹುಸಿಮೀನು ಅಲ್ಲಿಂದ ನೇತಾಡುತ್ತಿತ್ತು. ಅದನ್ನು ಹೊತ್ತುಕೊಂಡೇ ಅವರು ದಾರ ಬಿಡಿಸುತ್ತಿದ್ದರು.

ಮುಳ್ಳಿನ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಕೊಂಡಿ ಇದ್ದುದರಿಂದ ಹಿಂದಕ್ಕೆ ಎಳೆಯುವಂತಿರಲಿಲ್ಲ. ಮುಂದಕ್ಕೇ ತಳ್ಳಿ ತುದಿ ಹೊರಬಂದ ಮೇಲೆ ಕತ್ತರಿಸಬೇಕು. ಹಲ್ಲು ಕಚ್ಚಿಕೊಳ್ಳಿ ಎಂದು ಮೆಕ್ಯಾನಿಕ್ ಇಕ್ಕಳ ಹಿಡಿದ. ತಳ್ಳಿದ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮುಳ್ಳು ಕತ್ತರಿಸಿ ತೆಗೆದು, ಬಟ್ಟೆ ಸುತ್ತಿ, ಕಣ್ಣು ಮುಚ್ಚಿಕೊಳ್ಳಿ ಎಂದ. ಯಾವ ಬೆರಳು ಮುಟ್ಟುತ್ತಿದ್ದೇನೆ ಎಂದು ಕೇಳಿದ. ಅವರು ಹೇಳಿದ್ದು ತಪ್ಪಾಯಿತು. ಮತ್ತೊಮ್ಮೆ ಕೇಳಿದ, ಮತ್ತೆ ತಪ್ಪಾಯಿತು.

ಅವನು ತನ್ನ ಗಂಟಲನ್ನು ತಾನೇ ಸವರಿಕೊಂಡ. ಪ್ರತಿ ವಾರ ಆ ಗಂಟಲ ಮೇಲೆ ಭಾವನ ಕತ್ತಿ ಓಡಾಡುತ್ತಿತ್ತು.

"ಯಾವಾಗಿಂದ?"

"ಈಚೆಗೆ."

"ಭಾವ."

"ವರ್ಷದ ಮೇಲಾಯ್ತು," ಎಂದರು ಅವರು.

ಡಾಕ್ಟರಿಗೆ ತೋರಿಸುವವರೆಗೆ ಕತ್ತಿ ಮುಟ್ಟಬೇಡಿ ಎಂದು ಅವನು ಹೇಳಿದ. ಅವರು ಒಪ್ಪಿದರು. ಅಕ್ಕನಿಗೆ ಹೇಳಬೇಡ, ನಾನೇ ಹೇಳುತ್ತೇನೆ ಎಂದು ಕೇಳಿಕೊಂಡರು. ಅವನು ಅರೆಮನಸ್ಸಿನಿಂದ ಒಪ್ಪಿದ. ಬೆರಳಿನ ಬಟ್ಟೆ ನೋಡಿ ಹೆಂಡತಿ ಏನಾಯಿತು ಎಂದಾಗ, ಮುಳ್ಳು ತಾಗಿತು ಎಂದರು. ಅಷ್ಟು ಮಾತ್ರ ನಿಜ.

ಕೆಲವು ದಿನ ಗಾಯದ ನೆಪ ಹೇಳಿ ಬರೀ ಕೂದಲು ಕತ್ತರಿಸಿದರು. ಗಾಯ ಮಾಯಿತು, ನೆಪವೂ ಮುಗಿಯಿತು. ಅಷ್ಟರಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಬಂದು ಕುರ್ಚಿಯಲ್ಲಿ ಕೂತು, ಎಂದಿನಂತೆ ಕಣ್ಣು ಮುಚ್ಚಿ ಗಲ್ಲ ಎತ್ತಿದರು. ಅಂಗಡಿ ತೆರೆದ ಕಾಲದಿಂದ ಬರುತ್ತಿದ್ದವರು. ಆ ಎತ್ತಿದ ಗಲ್ಲಕ್ಕೆ ಇಲ್ಲ ಎನ್ನುವುದು ಹೇಗೆ ಎಂದು ಬೆಣ್ಣೆಕೈಯವರಿಗೆ ತಿಳಿಯಲಿಲ್ಲ. ಒಂದೇ ಒಂದು ಸಲ, ನೋಡಿಕೊಂಡು ಮಾಡಿದರಾಯಿತು ಎಂದುಕೊಂಡು ಸೋಪು ಹಚ್ಚಿದರು. ಕೆನ್ನೆಗಳು ಸರಿಯಾಗಿಯೇ ಮುಗಿದವು. ಕಿವಿಯ ಕೆಳಗೆ ತಿರುಗಿಸುವಾಗ ಕತ್ತಿ ಕೈಯೊಳಗೇ ಜಾರಿತು. ಜಾರಿದ್ದು ಅವರಿಗೆ ಗೊತ್ತಾದದ್ದು ಬಿಳಿ ನೊರೆ ಕೆಂಪಾದಾಗ.

ದೇವರ ದಯೆ, ದೊಡ್ಡ ರಕ್ತನಾಳಕ್ಕೆ ತಾಗಿರಲಿಲ್ಲ. ಹೊಲಿಗೆ ಹಾಕಿಸಿಕೊಂಡು ಬಂದ ಮುದುಕರು, ಎಂಥೆಂಥವರಿಗೂ ಆಗುತ್ತೆ ಬಿಡಿ ಎಂದು ತಾವೇ ಸಮಾಧಾನ ಹೇಳಿದರು. ಆ ಸಮಾಧಾನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಬೀದಿಯಲ್ಲಿ ಸುದ್ದಿ ಹರಡುವುದಕ್ಕೆ ಹೊತ್ತು ಬೇಕೇ? ಗ್ಯಾರೇಜಿಗೂ ಮುಟ್ಟಿತು. ಮೆಕ್ಯಾನಿಕ್ ಗ್ರೀಸು ಮೆತ್ತಿದ ಕೈಯಲ್ಲೇ ಲಾಂಡ್ರಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದ.

ಸಂಜೆ ಅವಳು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವರು ಬೈಗುಳಕ್ಕೆ ಕಾದರು.

"ನನ್ನ ತಮ್ಮನಿಗೆ ಗೊತ್ತಿತ್ತು. ಅಣೆಕಟ್ಟಿನ ನೀರಿಗೆ ಗೊತ್ತಿತ್ತು," ಎಂದಳು ಅವಳು. "ದಿನಾ ನಿಮ್ಮ ಕೈಗೆ ಕಾಫಿ ಲೋಟ ಕೊಡೋಳು ನಾನು. ನನಗೆ ಗೊತ್ತಿರಲಿಲ್ಲ."

"ಹೆದರ್ತೀಯ ಅಂತ..."

"ನಾನಲ್ಲ ರೀ ಹೆದರಿದ್ದು."

ಹಲವು ದಿನ ಆ ಮನೆಯಲ್ಲಿ ಊಟಕ್ಕೆ ಬನ್ನಿ, ಬಾಗಿಲು ಹಾಕಿ ಎಂಬಷ್ಟೇ ಮಾತು.

ಮಣಿಕಟ್ಟಿನಲ್ಲಿ ನರ ಅದುಮಿಹೋಗಿದೆ ಎಂದರು ಡಾಕ್ಟರು. ಕತ್ತರಿ, ಕತ್ತಿ ಹಿಡಿಯುವವರಿಗೆ ಬರುವಂಥದ್ದೇ. ಬೇಗ ಬಂದಿದ್ದರೆ ಚೆನ್ನಾಗಿತ್ತು ಎಂದರು. ಆಪರೇಷನ್ ಆಯಿತು. ಬೆಳಗಿನ ಜೋಮು ಹೋಯಿತು. ಹೆಬ್ಬೆರಳಿಗೆ ಆಗಾಗ ಇರುವೆ ಹರಿದಂತಾಗುತ್ತಿತ್ತು, ಸ್ಪರ್ಶ ಮಾತ್ರ ಮರಳಲಿಲ್ಲ. ಅವರು ಕತ್ತಿಗೆ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಗಡ್ಡಕ್ಕೆ ಬೇರೊಬ್ಬನನ್ನು ಗೊತ್ತುಮಾಡಿದರು. ಅವನ ಕೈ ಒರಟು. ಕುರ್ಚಿಯಲ್ಲಿ ಯಾರಾದರೂ ಮುಖ ಹಿಂಡಿದರೆ ಇವರು ಕೂದಲು ಕತ್ತರಿಸುವುದನ್ನು ನಿಲ್ಲಿಸಿ ಅತ್ತ ನೋಡುತ್ತಿದ್ದರು. ಪೋಸ್ಟ್‌ಮ್ಯಾನ್ ಆ ಬೀದಿಗೆ ಬರುವುದನ್ನು ಬಿಟ್ಟಿದ್ದರು.

ಭಾವಮೈದುನನ ಜೊತೆ ಮಾತು ಕಡಿದುಹೋಗಿತ್ತು. ಮಾತು ತಪ್ಪಿ ಕತ್ತಿ ಹಿಡಿದಿರಿ ಎಂದು ಅವನಿಗೆ ಸಿಟ್ಟು, ಅಕ್ಕನಿಗೆ ಹೇಳಿ ಮಾತು ಮುರಿದೆ ಎಂದು ಇವರಿಗೆ. ಕೊನೆಗೆ ಇವರೇ ಗ್ಯಾರೇಜಿಗೆ ಹೋದರು. ನೀನು ಹೇಳಿದ್ದೇ ಸರಿ ಎನ್ನಲು ಹೊರಟು, ಎಡಗೈಯಲ್ಲಿ ಎಸೆಯಬಹುದಾ ಎಂದು ಕೇಳಿಬಿಟ್ಟರು. ಅವನು ಸ್ಪ್ಯಾನರ್ ಒರೆಸುತ್ತ ಯೋಚಿಸಿದ. ದಾರ ಸುತ್ತುವ ಹಿಡಿಕೆ ರೀಲಿನ ಬಲಗಡೆ ಇದೆ, ಎಡಗೈಯಲ್ಲಿ ಎಸೆದರೆ ಕೋಲು ಕೈ ಬದಲಾಯಿಸುವ ಕೆಲಸವೇ ಇಲ್ಲ, ಒಳ್ಳೆಯದೇ ಆಯಿತು ಎಂದ. ಮತ್ತೆ ಲಾರಿ ಟಯರಿನಿಂದ ಶುರು. ಎಡಗೈ ದಡ್ಡ ಕೈ, ಆದರೆ ಅದರ ಹೆಬ್ಬೆರಳಿಗೆ ಜೀವವಿತ್ತು. ದಾರ ಓಡುವುದು, ಸಡಿಲವಾಗುವುದು ಚರ್ಮಕ್ಕೆ ತಿಳಿಯುತ್ತಿತ್ತು. ದೋಣಿಯಲ್ಲಿ ಅವರು ಹಿಡಿದ ಮೊದಲ ಬಾಸ್ ಅಂಗೈಯಷ್ಟಿತ್ತು. ಮುಳ್ಳು ಬಿಡಿಸಲು ಮೆಕ್ಯಾನಿಕ್ ಅವರಿಗೆ ಬಿಡಲಿಲ್ಲ. ಮೀನನ್ನು ನೀರಿಗೆ ಬಿಟ್ಟರು.

ಇನ್ನೊಂದು ಕೈಗೂ ಬರಬಹುದು, ಗಮನವಿರಲಿ ಎಂದು ಡಾಕ್ಟರು ಹೇಳಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಎಡಗೈ ಜೋಮು ಹಿಡಿದಿತ್ತು. ಅವರು ಹಾಸಿಗೆಯ ಮೇಲೆ ಕೂತು ಕೊಡವಿದರು. ಹೋಯಿತು. ಹೋಯಿತಲ್ಲ, ಸಾಕು ಎಂದುಕೊಂಡು ಎದ್ದರು. ಅಡುಗೆಮನೆಯಲ್ಲಿ ಹೆಂಡತಿ ಕಾಫಿ ಸೋಸುತ್ತಿದ್ದಳು. ಅವರು ಬಾಗಿಲಲ್ಲೇ ನಿಂತರು.

"ಎಡಗೈಯೂ ಜೋಮು ಹಿಡಿದಿತ್ತು," ಎಂದರು. "ಈಗ ಇಲ್ಲ. ಬೆಳಗ್ಗೆ ಹಿಡಿದಿತ್ತು."

ಅವಳು ಪಾತ್ರೆ ಕೆಳಗಿಟ್ಟಳು. ಅವರ ಮುಖ ನೋಡಿದಳು, ಕೈ ನೋಡಿದಳು. ಲಾಂಡ್ರಿಗೆ ತಡವಾಗಿ ಬರುತ್ತೇನೆ ಎಂದು ಹೇಳಿ ಕಳಿಸುವೆ, ಅಂಗಿ ಹಾಕಿಕೊಳ್ಳಿ, ಇವತ್ತೇ ಹೋಗಿ ಬರೋಣ ಎಂದಳು. ಅವರು ಅಂಗಿ ತಂದರು. ಗುಂಡಿಗಳನ್ನು ಅವಳೇ ಹಾಕಿದಳು.